ಕೀರ್ತಿತ್ಯಾಗ

ಧನವನ್ನು ತ್ಯಜಿಸುವುದಕ್ಕಿಂತ, ನ್ಯಾಯವಾಗಿ ತನಗೆ ಸಲ್ಲಬೇಕಾದ ಕೀರ್ತಿಯನ್ನು ತ್ಯಜಿಸುವುದು ಕಠಿಣ. ಅಮೆರಿಕದ ಬೇಸ್‌ಬಾಲ್ ಆಟಗಾರ ಜೇಮ್ಸ್ ಬೆಲ್ ಅವರ ಜೀವನ ಇದಕ್ಕೊಂದು ನಿದರ್ಶನ.

1903ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಜನಿಸಿದ ಇವರನ್ನು ಜನರು ‘ಕೂಲ್ ಪಾಪಾ’ ಎಂದು ಕರೆಯುತ್ತಿದ್ದರು. ಪ್ರಮುಖ ಲೀಗ್‌ಗಳಲ್ಲಿ ಕಪ್ಪು ಜನಾಂಗದವರಿಗೆ ಪ್ರವೇಶವಿಲ್ಲದ ಕಾಲವದು. ಬೆಲ್ 1922ರಿಂದ ನೀಗ್ರೋ ಲೀಗ್‌ಗಳಲ್ಲಿ ಆಡಿ, ಮೈದಾನದ ಹೊರವಲಯವನ್ನು ಕಾಯುವುದರಲ್ಲಿಯೂ ಓಟದ ವೇಗದಲ್ಲಿಯೂ ಅಸಾಧಾರಣರೆನಿಸಿದರು.

1946ರ ವೇಳೆಗೆ ಆ ಮುಚ್ಚಿದ ಬಾಗಿಲು ತೆರೆಯತೊಡಗಿತ್ತು. ಬೆಲ್ ಅವರಿಗೆ ನಲವತ್ತು ದಾಟಿತ್ತು. ಆ ವರ್ಷ ಬ್ಯಾಟಿಂಗ್ ಸರಾಸರಿಯ ಅಗ್ರಸ್ಥಾನವು ತಮ್ಮ ಕೈಗೆಟುಕುವಂತಿದ್ದರೂ, ಎದುರಾಳಿ ತಂಡದ ತರುಣ ಮಾಂಟಿ ಅರ್ವಿನ್‌ಗೆ ಅದರಿಂದ ದಾರಿಯಾಗಲೆಂದು ಕೊನೆಯ ಪಂದ್ಯಗಳಿಂದ ಹಿಂದೆ ಸರಿದುದಾಗಿ ಬೆಲ್ ಅವರೇ ತಿಳಿಸಿದ್ದಾರೆ. ಅರ್ವಿನ್ 1949ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೇರಿದರು. ಬೆಲ್ ಕನ್ಸಾಸ್ ಸಿಟಿ ಮೊನಾರ್ಕ್ಸ್‌ನ ಎರಡನೆಯ ತಂಡದ ವ್ಯವಸ್ಥಾಪಕರಾಗಿ ಎಳೆಯರನ್ನು ತಿದ್ದಿದರು. ಬಳಿಕ ಸೇಂಟ್ ಲೂಯಿಸ್ ನಗರಾಡಳಿತ ಭವನದಲ್ಲಿ ರಾತ್ರಿ ಕಾವಲುಗಾರರಾಗಿ ದುಡಿದರು. 1974ರಲ್ಲಿ ಬೇಸ್‌ಬಾಲ್ ಕೀರ್ತಿಭವನದ ಗೌರವವು ಅವರನ್ನು ಅರಸಿ ಬಂದಿತು.

ಬಸದಿಯ ಶಿಲಾಫಲಕದಲ್ಲಿ ತನ್ನ ಹೆಸರೇ ಮೊದಲಿರಬೇಕೆಂದು ಹಟ ಹಿಡಿಯುವ ದಾನಿಯು ಧನವನ್ನು ಬಿಟ್ಟನೇ ಹೊರತು ಮಾನಕಷಾಯವನ್ನು ಬಿಡಲಿಲ್ಲ. ಉತ್ತಮ ತ್ಯಾಗದ ಪರೀಕ್ಷೆ ಹಣದ ಪೆಟ್ಟಿಗೆಯ ಮುಂದಲ್ಲ, ಆ ಫಲಕದ ಮುಂದೆ.