ಉಷ್ಣವೆಂಬ ನೆಪ

ಮನೆಯಲ್ಲಿ ನೆಗಡಿಗೆ ಮರ್ಯಾದೆಯುಂಟು, ತಲೆನೋವಿಗೆ ಉಪಚಾರವುಂಟು. ಉರಿಮೂತ್ರಕ್ಕೆ ಮಾತ್ರ ಆ ಭಾಗ್ಯವಿಲ್ಲ. ಗೃಹಿಣಿ ಅದನ್ನು ಯಾರ ಕಿವಿಗೂ ಹಾಕದೆ ತುಟಿ ಕಚ್ಚಿ ಸಹಿಸುತ್ತಾಳೆ; ತೀರ ಸಹಿಸಲಾರದಾಗ ಅತ್ತೆಯ ಬಳಿ ಪಿಸುಗುಟ್ಟುತ್ತಾಳೆ. “ಉಷ್ಣ ಕಣಮ್ಮ, ಎಳನೀರು ಕುಡಿ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಎಳನೀರಿನ ಮೇಲೆ ಯಾರಿಗೂ ಮುನಿಸಿಲ್ಲ. ಬೇಸಗೆಯಲ್ಲಿ ನೀರು ಸಾಲದೆ ಮೂತ್ರ ಗಾಢವಾದಾಗ ಉರಿ ತೋರುವುದೂ ಉಂಟು. ಆದರೆ ಎಲ್ಲ ಉರಿಯನ್ನೂ ಉಷ್ಣದ ತಲೆಗೆ ಕಟ್ಟುವುದು ಹಿರಿಯರ ಶಾಸ್ತ್ರಕ್ಕೂ ಒಪ್ಪಿತವಲ್ಲ. ಚರಕಸಂಹಿತೆ ಮೂತ್ರಕೃಚ್ಛ್ರದಲ್ಲಿ ಎಂಟು ಬಗೆಗಳನ್ನು ಎಣಿಸಿ, ಕಲ್ಲಿನಿಂದ ಬರುವುದನ್ನು ಬೇರೆಯಾಗಿಯೇ ಹೇಳಿದೆ.

ಇಂದಿನ ವೈದ್ಯಶಾಸ್ತ್ರದ ಪ್ರಕಾರ ಹೆಂಗಸರಲ್ಲಿ ಇದಕ್ಕೆ ಬಹುಸಾಮಾನ್ಯ ಕಾರಣ ಮೂತ್ರಕೋಶದ ಸೋಂಕು. 1885ರಲ್ಲಿ ಥಿಯೋಡೋರ್ ಎಷೆರಿಷ್ ಎಂಬ ವೈದ್ಯರು ಗುರುತಿಸಿದ, ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯವೇ ಹೆಚ್ಚಾಗಿ ಅದರ ಮೂಲ. ಮೂತ್ರ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ, ಹೆಂಗಸರಲ್ಲಿ ಸುಮಾರು 4 ಮಾತ್ರ. ದಾರಿ ಕಿರಿದಾದಷ್ಟೂ ಕ್ರಿಮಿಗೆ ಪ್ರವೇಶ ಸುಲಭ. ಇದು ದೇಹರಚನೆಯ ಮಾತು, ನಡತೆಯ ಮಾತಲ್ಲ. ಶೌಚಾಲಯ ಚೊಕ್ಕಟವಾಗಿಲ್ಲವೆಂದು ನೀರನ್ನೇ ಕುಡಿಯದೆ ಸಂಜೆಯವರೆಗೆ ಮೂತ್ರ ತಡೆಹಿಡಿಯುವ ಉಪಾಧ್ಯಾಯಿನಿ, ತಿಳಿಯದೆಯೇ ಆ ಕ್ರಿಮಿಗೆ ನೆರವಾಗುತ್ತಾಳೆ.

ಬೇರೆ ಕಾರಣಗಳೂ ಇವೆ. ಮೂತ್ರಮಾರ್ಗದ ಕಲ್ಲು, ಯೋನಿಯ ಸೋಂಕು, ಮುಟ್ಟು ನಿಂತ ಬಳಿಕ ಉಂಟಾಗುವ ಒಣತನ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಉರಿಯೂತ ಇವುಗಳಲ್ಲಿ ಕೆಲವು. ಗನೋರಿಯದಂಥ ಲೈಂಗಿಕ ರೋಗವಾಗಿದ್ದರೆ ಪತಿ ಪತ್ನಿಯರಿಬ್ಬರಿಗೂ ಚಿಕಿತ್ಸೆ ನಡೆಯಬೇಕು. ಒಬ್ಬರು ಮುಚ್ಚಿಟ್ಟರೆ ಇಬ್ಬರೂ ನರಳಬೇಕಾಗುತ್ತದೆ.

ಕಾರಣ ಯಾವುದೆಂದು ತಿಳಿಯಲು ವೈದ್ಯರಿಗೆ ಹಲವು ವೇಳೆ ಕೆಲವು ಪ್ರಶ್ನೆ, ಒಂದು ಮೂತ್ರಪರೀಕ್ಷೆ ಸಾಕು. ಸರಳವಾದ ಸೋಂಕು ಸರಿಯಾದ ಔಷಧಿಯಿಂದ ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ಪಕ್ಕದ ಮನೆಯವರ ಡಬ್ಬಿಯಲ್ಲಿ ಉಳಿದ ಮಾತ್ರೆ ನುಂಗುವುದಾಗಲಿ, ಉರಿ ತಗ್ಗಿತೆಂದು ಔಷಧಿಯನ್ನು ನಡುವೆ ಬಿಡುವುದಾಗಲಿ ಸಲ್ಲದು.

ಉಪೇಕ್ಷಿಸಿದ ಸೋಂಕು ಮೇಲೇರಿ ಮೂತ್ರಪಿಂಡವನ್ನು ಮುಟ್ಟಬಹುದು. ಚಳಿಜ್ವರ, ಪಕ್ಕೆ ಅಥವಾ ಸೊಂಟದ ಮೇಲ್ಭಾಗದ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಎಳನೀರಿನ ಉಪಚಾರಕ್ಕೆ ಸಮಯವಿಲ್ಲ. ಗರ್ಭಿಣಿಯರು, ಮಕ್ಕಳು, ಸಕ್ಕರೆ ಕಾಯಿಲೆಯವರು ಉರಿ ಕಂಡೊಡನೆಯೇ ವೈದ್ಯರಲ್ಲಿಗೆ ಹೋಗುವುದು ಲೇಸು.

ಸೊಸೆಯ ಪಿಸುಮಾತನ್ನು ಕೇಳಿದ ಅತ್ತೆ ಎಳನೀರನ್ನು ಕೊಡಲಿ. ಜೊತೆಗೆ ಚಪ್ಪಲಿ ಮೆಟ್ಟಿ ಆಕೆಯೊಡನೆ ವೈದ್ಯರ ಮನೆಯವರೆಗೂ ಹೊರಡಲಿ.