ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬೆಂಕಿ ಆರಿಸುವ ಸಿಲಿಂಡರ್

ದತ್ತು ಮಗು ಬೇಕಾದರೆ ಮೊದಲು ಅಮೆರಿಕದ ಪ್ರಜೆಗಳಾಗಿ ಎಂದರು. ಇದು 1996ರ ಮಾತು. ಆಗ ನಾವು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದೆವು. ನಮ್ಮವರಿಗೆ ಡಿಯರ್‌ಬಾರ್ನ್‌ನಲ್ಲಿ ಕಾರು ಕಂಪನಿಯ ಕೆಲಸ. ಬರೀ ಗ್ರೀನ್ ಕಾರ್ಡ್ ಇದ್ದವರು ಭಾರತದಲ್ಲಿ ದತ್ತು ತೆಗೆದುಕೊಂಡರೆ, ಎರಡು ವರ್ಷ ಮಗುವಿನ ಜೊತೆ ಬಾಳಿದ ಮೇಲಷ್ಟೇ ಅದಕ್ಕೆ ವೀಸಾ ಕೇಳಬಹುದಿತ್ತು. ದಂಪತಿಯಲ್ಲಿ ಒಬ್ಬರು ಪ್ರಜೆಯಾಗಿದ್ದರೆ ಐ-600ಎ ಎಂಬ ಅರ್ಜಿ ಹಾಕಬಹುದಿತ್ತು. ನಮ್ಮವರು ಆ ವರ್ಷ ಪ್ರಮಾಣವಚನ ಸ್ವೀಕರಿಸಿದ್ದು ದೇಶಪ್ರೇಮ ಉಕ್ಕಿ ಬಂದೇನೂ ಅಲ್ಲ.

ಹಾಸನದಿಂದ ಅತ್ತೆಯವರ ಫೋನು. "ಹೊರಗಿನ ಮಗು ಯಾಕಮ್ಮಾ? ನಿನ್ನ ನಾದಿನಿಗೆ ಮೂರಿವೆಯಲ್ಲ, ಕೊನೇದನ್ನ ಇಟ್ಕೊಳ್ಳಿ. ದತ್ತಹೋಮ ನಾನೇ ಮಾಡಿಸ್ತೀನಿ." 1956ರ ಹಿಂದೂ ದತ್ತಕ ಕಾಯ್ದೆಗೆ ಹೋಮವೂ ಕಡ್ಡಾಯವಲ್ಲ, ಕೊಟ್ಟು ತೆಗೆದುಕೊಂಡರೆ ಸಾಕು. ಆದರೆ ಅಮೆರಿಕದ ವೀಸಾಕ್ಕೆ ಮಗು ಅನಾಥ ಎನಿಸಿಕೊಳ್ಳಬೇಕಿತ್ತು. ಅಪ್ಪ ಅಮ್ಮ ಇಬ್ಬರೂ ಕಣ್ಣೆದುರು ಓಡಾಡಿಕೊಂಡಿರುವ ಮಗುವಿಗೆ ಆ ದಾರಿ ಇರಲಿಲ್ಲ. "ಹೆತ್ತವರು ಬದುಕಿರೋದೇ ತಪ್ಪಾಯ್ತಾ?" ಎಂದು ಅತ್ತೆ ಕೇಳಿದರು. ಪ್ರಶ್ನೆ ಚೆನ್ನಾಗಿಯೇ ಇತ್ತು.

ಆಮೇಲೆ ಕಾಗದಗಳು. ನಮ್ಮ ಮದುವೆ ಛತ್ರದಲ್ಲಿ ಆಗಿತ್ತು. ನೋಂದಣಿ ಮಾಡಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಮದುವೆ ನಿಜವೆಂದು ಅಫಿಡವಿಟ್ ಕೊಡಿಸಲು ಇಬ್ಬರು ಹಿರಿಯರನ್ನು ಹಾಸನದ ನೋಟರಿ ಹತ್ತಿರ ಓಡಾಡಿಸಿದೆವು. ನಾನು ಹುಟ್ಟಿದ್ದಕ್ಕೆ ಸಾಕ್ಷಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿ ಗಣಿತದ ಅಂಕಗಳೂ ಇದ್ದವು, ಯಾರೂ ಅದರ ಮಾತೆತ್ತಲಿಲ್ಲ. ಪೊಲೀಸ್ ಠಾಣೆಯಲ್ಲಿ ಹತ್ತೂ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದೆವು.

ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆ ಒಳ್ಳೆಯ ಹೆಂಗಸು. ಹೊಗೆ ಪತ್ತೆ ಮಾಡುವ ಯಂತ್ರ, ಬೆಂಕಿ ಆರಿಸುವ ಸಿಲಿಂಡರ್, ಔಷಧಿ ಕಪಾಟಿನ ಬೀಗ, ಬಚ್ಚಲ ನೀರಿನ ಬಿಸಿ ಎಲ್ಲ ನೋಡಿದಳು. ದೇವರ ಗೂಡಿನ ದೀಪದ ಮುಂದೆ ಮಾತ್ರ ತುಸು ಹೊತ್ತು ನಿಂತಳು. "ಇದು ರಾತ್ರಿಯೆಲ್ಲ ಉರಿಯುತ್ತದೆಯೇ?" ಇಲ್ಲವೆಂದೆವು, ಅಂದಿನಿಂದ ನಿಜಕ್ಕೂ ಆರಿಸತೊಡಗಿದೆವು. ಕೊನೆಗೆ ಚಿಕ್ಕಂದಿನಲ್ಲಿ ನಿಮ್ಮನ್ನು ಹೇಗೆ ಶಿಕ್ಷಿಸುತ್ತಿದ್ದರು ಎಂದು ಕೇಳಿದಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬೆತ್ತ, ಬಾಸುಂಡೆ, ಗೋಡೆಕುರ್ಚಿ ಇಲ್ಲದೆ ನಮ್ಮ ಪೀಳಿಗೆಯಲ್ಲಿ ಯಾರು ಬೆಳೆದಿದ್ದಾರೆ? ನಮ್ಮವರು ನಿಜವನ್ನೇ ಹೇಳಿ, ನಾವು ಹಾಗೆ ಮಾಡುವುದಿಲ್ಲ ಎಂದೂ ಸೇರಿಸಿದರು. ಅವಳು ಎರಡನ್ನೂ ಬರೆದುಕೊಂಡಳು.

ಭಾರತದಲ್ಲಿ ಆಗ ದಾರಿ ಹಾಕಿಕೊಟ್ಟಿದ್ದು 1984ರ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಮಗುವಿಗೆ ಮೊದಲು ದೇಶದೊಳಗೇ ಮನೆ ಹುಡುಕಬೇಕು, ಸಿಗದಿದ್ದರೆ ನಮ್ಮಂಥವರು. ಬೆಂಗಳೂರಿನ ಕೋರ್ಟು 1890ರ ಕಾಯ್ದೆಯಡಿ ನಮ್ಮನ್ನು ಪಾಲಕರೆಂದಷ್ಟೇ ಮಾಡಿತು. ದತ್ತು ಆಗಿದ್ದು ಮಿಷಿಗನ್‌ಗೆ ಬಂದ ಮೇಲೆ. ಮಗುವಿನ ಬಗ್ಗೆ ಅಂಚೆಯಲ್ಲಿ ಬಂದದ್ದು ಒಂದು ಫೋಟೊ, ತೂಕ, ಚುಚ್ಚುಮದ್ದಿನ ಪಟ್ಟಿ. ಬೆಂಗಳೂರಿನ ಮಗು ಎಂದರೆ ಕನ್ನಡದ ಮಗು ಎಂದು ಎಲ್ಲರೂ ಒಪ್ಪಿಕೊಂಡರು, ನಾವೂ. ಕನ್ನಡ ಕೂಟದ ಊಟದ ಸಾಲಿನಲ್ಲಿ "ಯಾರ ಪೈಕಿಯಂತೆ?" ಎಂದವರಿಗೆ "ನಮ್ಮ ಪೈಕಿ" ಎಂದು ಹೇಳಿ ಹುಳಿ ಬಡಿಸಿಕೊಂಡು ಮುಂದೆ ಹೋಗುತ್ತಿದ್ದೆ. 2001ರ ಫೆಬ್ರುವರಿ 27ರಂದು ಜಾರಿಗೆ ಬಂದ ಕಾನೂನಿನಿಂದ ಮಗಳು ತಾನಾಗಿ ಅಮೆರಿಕದ ಪ್ರಜೆಯಾದಳು. ಅವಳ ಪಾಲಿನ ಒಂದು ಕಟ್ಟು ಕಾಗದ ಉಳಿಯಿತು.

ಈಗ ನಾವಿರುವುದು ಶಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ. ಡೆಟ್ರಾಯಿಟ್ ಕಡೆಯ ನೋವಾಯ್‌ನ ದಂಪತಿಯೊಬ್ಬರು ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಬಂದವರು ನಮ್ಮಲ್ಲಿ ಉಳಿದು, ದತ್ತಿನ ವಿಷಯ ತೆಗೆದರು. ದೇಶದಿಂದ ದೇಶಕ್ಕೆ ದತ್ತು ಕೊಡುವ ಕುರಿತ ಹೇಗ್ ಒಪ್ಪಂದ ಭಾರತದಲ್ಲಿ 2003ರಲ್ಲಿ, ಅಮೆರಿಕದಲ್ಲಿ 2008ರಲ್ಲಿ ಜಾರಿಗೆ ಬಂದಿದೆ. ಅರ್ಜಿಯೂ ಈಗ ಐ-800ಎ. ಬೆರಳಚ್ಚಿಗೆ ಮಸಿಯಿಲ್ಲ. ಸಂಸ್ಥೆಯವರ ಪರಿಚಯ, ಶಿಫಾರಸು ಎಂಬುದಿಲ್ಲ. ದೆಹಲಿಯ ಕಾರಾ, ಅಂದರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ, ನಡೆಸುವ ಜಾಲತಾಣದಲ್ಲಿ ಸರದಿ. 2022ರ ನಿಯಮದಂತೆ ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು. ಇವರದು 87. ಹಾಗಾಗಿ ಎರಡರಿಂದ ನಾಲ್ಕು ವರ್ಷದ ಗುಂಪು. ಭಾರತದಲ್ಲಿ ಆದೇಶ ಹೊರಡಿಸುವುದು ಈಗ ಕೋರ್ಟಲ್ಲ, ಜಿಲ್ಲಾಧಿಕಾರಿ.

ನಮಗೆ ಇಲ್ಲದಿದ್ದದ್ದು ಇವರಿಗೆ ಒಂದಿದೆ, ಕನಿಷ್ಠ ಹತ್ತು ಗಂಟೆಯ ತರಬೇತಿ. ಆಶ್ರಮದಲ್ಲಿ ಬೆಳೆದ ಮಗು ತಟ್ಟೆಯ ಅನ್ನವನ್ನು ಯಾಕೆ ಬಚ್ಚಿಡಬಹುದು, ಎಲ್ಲರನ್ನೂ ಅಪ್ಪಿಕೊಳ್ಳುವ ಮಗುವಿನ ಬಗ್ಗೆ ಯಾಕೆ ಹಿಗ್ಗಬಾರದು, ಹೆತ್ತವಳ ಮಾತನ್ನು ಯಾವ ವಯಸ್ಸಿನಲ್ಲಿ ಹೇಗೆ ಎತ್ತಬೇಕು. ಆ ತರಬೇತಿಯ ಟಿಪ್ಪಣಿಗಳನ್ನು ನಾನು ಕೂತು ಪೂರ್ತಿ ಓದಿದೆ. ನಮ್ಮನ್ನು ಸಿಲಿಂಡರ್ ಬಗ್ಗೆ ಕೇಳಿದ್ದರು. ಮಗು ಏನನ್ನು ಬಿಟ್ಟು ಬರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಮಗುವಿನ ಸಂಸ್ಕೃತಿ ಉಳಿಸುವ ಅಧ್ಯಾಯ ಮಾತ್ರ ಬಿಳಿಯರಿಗೆಂದು ಬರೆದದ್ದು. ವಾರಕ್ಕೊಮ್ಮೆ ಭಾರತೀಯ ಅಡುಗೆ ಮಾಡಿ, ಭಾರತದ ಅಂಗಡಿಗೆ ಕರೆದೊಯ್ಯಿರಿ ಎಂದಿತ್ತು. ನೋವಾಯ್‌ನ ಆ ಹೆಣ್ಣುಮಗಳು ಜೋರಾಗಿ ನಕ್ಕಳು.

ಆಮೇಲೆ ಜಾಲತಾಣದಲ್ಲಿ ಅವರಿಗೆ ಮಗುವಿನ ವಿವರ ಬಂತು. ಕಾಯ್ದಿರಿಸಿಕೊಳ್ಳಲು 96 ಗಂಟೆ. ಮೂರು ವರ್ಷದ ಗಂಡು, ಒಡಿಶಾದವನು. ಇವರ ಬಿಸಿಬೇಳೆ ಬಾತು, ಇವರ ಜೋಗುಳ, ಇವರ "ಬಾರೋ ಕಂದ" ಅವನಿಗೆ ಇಂಗ್ಲಿಷಿನಷ್ಟೇ ಹೊಸದು. ಮೊನ್ನೆ ಅವಳು ಫೋನ್ ಮಾಡಿದಳು: "ಆಂಟಿ, ನೀರು, ಹಸಿವು, ನೋವು, ಉಚ್ಚೆ, ಹೆದರ್ಬೇಡ — ಇಷ್ಟಾದ್ರೂ ಒಡಿಯಾದಲ್ಲಿ ಗೊತ್ತಿರಬೇಕಲ್ವಾ, ಯಾರನ್ನ ಕೇಳಲಿ?" ಅವರ ಕಡೆಯೇ ಟ್ರಾಯ್‌ನಲ್ಲಿರುವ ಒಡಿಯಾ ಕುಟುಂಬವೊಂದರ ನಂಬರ್ ಕಳಿಸಿದೆ. ಅವರ ಮನೆಯಲ್ಲಿ ಅಜ್ಜಿಯೊಬ್ಬರಿದ್ದಾರೆ, ಮಧ್ಯಾಹ್ನದ ಮೇಲೆ ಮಾಡಿದರೆ ಸಿಗುತ್ತಾರೆ.