ನಗುವ ಮೊದಲು ಕೇಳೋಣ

ಹಾರುವ ತಟ್ಟೆ ಎಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ನಗು ಶುರುವಾಗುತ್ತದೆ. ಆದರೆ ಅಮೆರಿಕದ ವಾಯುಪಡೆ ಜನ ಆಕಾಶದಲ್ಲಿ ಕಂಡದ್ದನ್ನೆಲ್ಲ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದಿಟ್ಟು ಪರಿಶೀಲಿಸಿತ್ತು ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು. 1952ರಿಂದ ಈ ಕೆಲಸಕ್ಕೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಎಂಬ ಹೆಸರಿತ್ತು. 1947ರಿಂದ 1969ರವರೆಗೆ ಬಂದ ವರದಿಗಳು 12,618. ಹೆಚ್ಚಿನವು ಗ್ರಹ, ಉಲ್ಕೆ, ಬಲೂನು, ವಿಮಾನ ಎಂದು ತೀರ್ಮಾನವಾದವು. 701 ಮಾತ್ರ ಏನೆಂದು ತಿಳಿಯದೆ ಉಳಿದವು.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 1966ರ ಮಾರ್ಚ್‌ನ ಘಟನೆ. ಮಿಶಿಗನ್ ರಾಜ್ಯದ ಹಿಲ್ಸ್‌ಡೇಲ್ ಕಾಲೇಜಿನ ಹಾಸ್ಟೆಲ್‌ನಿಂದ ಹತ್ತಾರು ವಿದ್ಯಾರ್ಥಿನಿಯರು ವಿಚಿತ್ರ ಬೆಳಕು ಕಂಡರು. ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ. ವಾಯುಪಡೆಯ ಸಲಹೆಗಾರ, ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್ ಕೆಲವೇ ದಿನಗಳಲ್ಲಿ ಪತ್ರಕರ್ತರನ್ನು ಕರೆದು, ಅದು ಜೌಗು ನೆಲದ ಅನಿಲ ಇರಬಹುದು ಎಂದರು. ದೇಶವೆಲ್ಲ ಆ ಮಾತನ್ನು ಹಿಡಿದು ಗೇಲಿ ಮಾಡಿತು. ಕಣ್ಣಾರೆ ಕಂಡವರಿಗೆ ಅವಮಾನವಾಯಿತು. ಆ ರಾಜ್ಯದ ಸಂಸದ, ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್, ಸಂಸತ್ತೇ ವಿಚಾರಣೆ ನಡೆಸಲಿ ಎಂದು ಒತ್ತಾಯಿಸಿದರು.

ಫ್ರಾನ್ಸ್‌ನಲ್ಲಿ 1977ರಿಂದ ಈ ಕೆಲಸ ಬಾಹ್ಯಾಕಾಶ ಸಂಸ್ಥೆಯದು. ಅವರು ಪ್ರತಿ ವರದಿಗೂ ಎ, ಬಿ, ಸಿ, ಡಿ ಎಂದು ಗುರುತು ಹಾಕುತ್ತಾರೆ. ಎ ಎಂದರೆ ಕಾರಣ ಖಚಿತ, ಬಿ ಎಂದರೆ ಬಹುಶಃ ಇದೇ ಕಾರಣ. ಮಾಹಿತಿ ಸಾಲದೆ ಉಳಿದದ್ದು ಸಿ. ಮಾಹಿತಿ ಚೆನ್ನಾಗಿದ್ದೂ ಬಿಡಿಸಲಾಗದ್ದು ಡಿ. ಗೊತ್ತಿಲ್ಲ ಎನ್ನುವುದರಲ್ಲೂ ಎರಡು ಬಗೆ ಇದೆ ಎಂದು ನಾನು ಕಲಿತದ್ದು ಇದರಿಂದ.

ಈ ಪಾಠ ಮನೆಯಲ್ಲೇ ಉಪಯೋಗಕ್ಕೆ ಬಂತು. ಒಂದು ಸಂಜೆ ಮಗ್ರಿಬ್ ನಮಾಜ್ ಮುಗಿಸಿ ಬಂದ ತಮ್ಮ, “ಆಪಾ, ಆಕಾಶದಲ್ಲಿ ದೀಪಗಳ ರೈಲು ಹೋಯ್ತು” ಎಂದ. ಮನೆಯವರೆಲ್ಲ ನಕ್ಕರು. ಅವನ ಮುಖ ಚಿಕ್ಕದಾಯಿತು. ಯಾವ ದಿಕ್ಕು, ಎಷ್ಟು ಹೊತ್ತು, ಮಿನುಗುತ್ತಿತ್ತಾ, ಸದ್ದು ಬಂತಾ ಎಂದು ಒಂದೊಂದಾಗಿ ಕೇಳಿದೆ. ಸದ್ದಿಲ್ಲ, ಒಂದೇ ಸಾಲು, ಒಂದರ ಹಿಂದೆ ಒಂದು ಅದೇ ಜಾಗದಲ್ಲಿ ಮಾಯ ಎಂದ. ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು ಹೀಗೆಯೇ ಸಾಲಾಗಿ ಹೋಗುತ್ತವೆ. ನಮಗೆ ಸೂರ್ಯ ಮುಳುಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತದೆ. ಭೂಮಿಯ ನೆರಳಿಗೆ ಹೊಕ್ಕೊಡನೆ ಕಾಣೆಯಾಗುತ್ತವೆ. ಅವನು ಕಂಡದ್ದು ನಿಜವೇ ಆಗಿತ್ತು.

ರಂಜಾನಿನ 29ರ ಸಂಜೆ ಚಂದ್ರ ಕಂಡೆ ಎಂದು ಬಂದವರನ್ನು ನಮ್ಮ ಹಿರಿಯರೂ ಹೀಗೆಯೇ ವಿಚಾರಿಸುತ್ತಾರೆ. ಎಲ್ಲಿ ನಿಂತಿದ್ದೆ? ಎಷ್ಟು ಎತ್ತರದಲ್ಲಿತ್ತು? ಜೊತೆಗೆ ಯಾರಿದ್ದರು? ಕೇಳಿದ್ದನ್ನು ಹಾಗೇ ಒಪ್ಪುವುದಿಲ್ಲ, ಹೇಳಿದವರನ್ನು ನೋಡಿ ನಗುವುದೂ ಇಲ್ಲ.

ಸ್ನೇಹಿತರೇ, ಒಮ್ಮೆ ನಗೆಪಾಟಲಾದ ಮಗು ಮತ್ತೆ ಬಾಯಿ ಬಿಡುವುದಿಲ್ಲ. ನಾಳೆ ಶಾಲೆಯ ದಾರಿಯಲ್ಲಿ ಯಾರಾದರೂ ಹೆದರಿಸಿದರೂ ಹೇಳಲಿಕ್ಕಿಲ್ಲ. ಅದಕ್ಕೇ, ನಂಬುವುದೋ ಬಿಡುವುದೋ ಆಮೇಲೆ ನೋಡೋಣ. ಮೊದಲು ಕೂರಿಸಿ ಪೂರ್ತಿ ಕೇಳೋಣ.